ಹಳೇ ಪೆಡಲ್, ಹೊಸ ಪೆಡಲ್ ಮತ್ತು ನನ್ನ ಕಿವಿ

“ನೋಡೇ, ಈ ಡ್ರಮ್ಮಿನ ಹಳೇ ಪೆಡಲ್ ಇದೆಯಲ್ಲ, ಇದು ನನ್ನ ಕಾಲಿನ ಮನಸ್ಸು ತಿಳ್ಕೊಂಡಿದೆ. ತುಳಿದ ಕೂಡ್ಲೇ ಅದಕ್ಕೆ ಗೊತ್ತಾಗತ್ತೆ, ಇವತ್ತು ಈ ಮನುಷ್ಯನಿಗೆ ಮಂಡಿ ಹಿಡ್ಕೊಂಡಿದೆ, ಸ್ವಲ್ಪ ತಾಳ್ಮೆಯಿಂದ ಹೋಗೋಣ ಅಂತ. ಒಂದು ತೊಗಲಿನ ಪಟ್ಟಿ, ಒಂದು ಸ್ಪ್ರಿಂಗು, ಒಂದು ಗುದ್ದೋ ಗುಂಡು, ಅಷ್ಟೇ ಇದರ ಸಂಸಾರ. ಕೆಟ್ರೆ ಎಲ್ಲಿ ಕೆಟ್ಟಿದೆ ಅಂತ ಕಣ್ಣಿಗೆ ಕಾಣತ್ತೆ. ಆ ಹೊಸದನ್ನ ನೋಡು. ಜೋಡಿ ಚೈನಂತೆ, ಅಡಿಗೆ ಕಬ್ಬಿಣದ ತಟ್ಟೆಯಂತೆ, ಪಕ್ಕಕ್ಕೊಂದು ತಿರುಪು, ಹಿಂದಕ್ಕೊಂದು ತಿರುಪು, ತಿರುಪಿನ ತಲೆ ಮೇಲೆ ಇನ್ನೊಂದು ತಿರುಪು. ತುಳಿಯೋಕ್ಕೆ ಮುಂಚೆ ಪರೀಕ್ಷೆಗೆ ಕೂತ ಹಾಗೆ ಓದ್ಕೋಬೇಕು. ನಾನು ಒಂದು ಸಲ ತುಳಿದ್ರೆ ಅದು ಎರಡು ಸಲ ಗುದ್ದತ್ತೆ. ಮೊದಲನೇದು ನಂದು, ಒಪ್ಪಿದೆ. ಎರಡನೇದು ಯಾರದು? ಅದನ್ನ ಮಾಡಿದ ಕಾರ್ಖಾನೆಯವನದಾ? ಹಾಗಾದ್ರೆ ಅವನೇ ಬಂದು ಸ್ಟೂಲ್ ಮೇಲೆ ಕೂತ್ಕೊಳ್ಳಲಿ. ಹಳೇದು ಕಿರುಗುಟ್ಟತ್ತೆ ಅಂತೀರಿ. ಕಿರುಗುಟ್ಟಲಿ. ನನ್ನ ಮಂಡೀನೂ ಕಿರುಗುಟ್ಟತ್ತೆ. ಅದನ್ನೂ ಬದಲಾಯಿಸ್ತೀರಾ?”

ಇಷ್ಟನ್ನೂ ನಮ್ಮವರು ಹೇಳಿದ್ದು ನನಗಲ್ಲ, ನನ್ನ ಬೆನ್ನಿಗೆ. ನಾನು ಹೊಲಿಗೆ ಯಂತ್ರದ ಮುಂದೆ ಕೂತು ಕಿಟಕಿ ಪರದೆಯ ಅಂಚು ಮಡಿಸುತ್ತಿದ್ದೆ. ಅವರು ಹಿಂದುಗಡೆ ತಮ್ಮ ಡ್ರಮ್ಮುಗಳ ನಡುವೆ ರಾಜಗಾಂಭೀರ್ಯದಿಂದ ಕೂತಿದ್ದರು. ನಮ್ಮ ಮನೆಯ ಮುಂದಿನ ಕೋಣೆಯೇ ಹಾಗೆ. ಒಂದು ಮೂಲೆ ಅವರದು, ಇನ್ನೊಂದು ನನ್ನದು. ಗಂಡಹೆಂಡಿರಿಬ್ಬರೂ ಜೀವನವಿಡೀ ಕಾಲಲ್ಲಿ ತುಳಿದೇ ಬದುಕಿದವರು. ಅವರು ತುಳಿದರೆ ಢಂ, ನಾನು ತುಳಿದರೆ ಟರ್ರ್. ನಡುವೆ ಮಗಳು ಬೆಳೆದು ದೊಡ್ಡವಳಾದಳು, ಕಿವುಡಿಯಾಗಲಿಲ್ಲ ಎನ್ನುವುದೇ ದೊಡ್ಡ ವಿಷಯ.

ಕಿರುಗುಟ್ಟುವುದು ಬರೀ ಕಿರುಗುಟ್ಟುವುದಾಗಿದ್ದರೆ ನಾನು ಹೊಲಿಗೆಯಿಂದ ತಲೆಯೆತ್ತುತ್ತಿರಲಿಲ್ಲ. ಆದರೆ ಅದರ ಮೇಲೆ ನಮ್ಮವರ ಸ್ಟೂಲು, ಅಂದರೆ ತಂಡದಲ್ಲಿನ ಅವರ ಜಾಗವೇ, ನಿಂತಿತ್ತು. ಹೋಟೆಲಿನ ದೊಡ್ಡ ಹಾಲಿನಲ್ಲಿ ಸಂಜೆ ಹೊತ್ತು ನುಡಿಸುವ ತಂಡ ಅವರದು. ತಂಡದ ಯಜಮಾನರು ತುತ್ತೂರಿ ಊದುತ್ತಾರೆ. ಅದಕ್ಕೇ ನಮ್ಮ ಮನೆಯಲ್ಲಿ ಅವರ ಹೆಸರೂ ತುತ್ತೂರಿಯೇ. ಈ ತಂಡದ ಹಾಡುಗಳನ್ನು ಭಾನುವಾರ ರೆಕಾರ್ಡ್ ಮಾಡುವುದೆಂದು ನಿಶ್ಚಯವಾಗಿತ್ತು. ಅದಕ್ಕೆ ಮುಂಚೆ ಒಂದು ದಿನ ಪರೀಕ್ಷೆಗೆಂದು ದೊಡ್ಡ ಡ್ರಮ್ಮಿನ ಹೊಟ್ಟೆಯೊಳಗೆ ಮೈಕು ಇಟ್ಟು ಒಂದು ನಿಧಾನದ ಹಾಡು ನುಡಿಸಿದರಂತೆ. ತುತ್ತೂರಿ ಸುಮ್ಮನಾದ ಜಾಗದಲ್ಲಿ, ಎಲ್ಲರೂ ಉಸಿರು ಹಿಡಿದ ಜಾಗದಲ್ಲಿ, ನಮ್ಮವರ ಪೆಡಲ್ ಮಾತ್ರ ಕೀಂಯ್ ಢಂ, ಕೀಂಯ್ ಢಂ ಎಂದಿತಂತೆ. ರೆಕಾರ್ಡ್ ಮಾಡುವಾತ ಕಿವಿಯಿಂದ ಹೆಡ್‌ಫೋನ್ ತೆಗೆದು, ಇಲಿಯನ್ನು ಯಾರು ಕರೆತಂದಿದ್ದು ಎಂದು ಕೇಳಿದನಂತೆ.

ತುತ್ತೂರಿ ಒಳ್ಳೆಯ ಮನುಷ್ಯರು. ನೆಲ ನೋಡುತ್ತಲೇ ಹೇಳಿದರಂತೆ: ಶನಿವಾರ ಸಂಜೆ ಮನೆಗೆ ಬಂದು ಕೇಳುತ್ತೇನೆ, ಆ ಕೀಂಯ್ ಸದ್ದಿಲ್ಲದೆ, ತಾಳ ತಪ್ಪದೆ ಆದರೆ ಭಾನುವಾರ ನೀವೇ. ಇಲ್ಲದಿದ್ದರೆ ಬೇರೆಯವರನ್ನು ಕೂರಿಸಬೇಕಾಗುತ್ತದೆ, ಆಮೇಲೆ ಹೋಟೆಲಿನಲ್ಲೂ ಅವರೇ ಮುಂದುವರಿಯುತ್ತಾರೆ. ಆ ಬೇರೆಯವರು ಬೇರೆ ಯಾರೂ ಅಲ್ಲ, ನಮ್ಮ ಮಗಳೇ. ಅಪ್ಪನೇ ಕೂರಿಸಿಕೊಂಡು ಕಲಿಸಿದ್ದು. ಈಗ ವಾದ್ಯಗಳ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ.

“ನನಗೆ ಆ ಸ್ಟೂಲು ಬೇಡಮ್ಮ,” ಎಂದು ಅವಳು ಅಡುಗೆಮನೆಯಲ್ಲಿ ನನ್ನ ಹತ್ತಿರ ಬಂದು ಪಿಸುಗುಟ್ಟಿದಳು. “ಅಪ್ಪ ಕೂತಿರೋ ಸ್ಟೂಲ್ ಮೇಲೆ ನಾನು ಹೇಗೆ ಕೂರಲಿ? ಅದಕ್ಕೇ ಅಂಗಡಿಯಿಂದ ಹೊಸ ಪೆಡಲ್ ತಂದಿದ್ದು, ನೋಡಿ ವಾಪಸ್ ಕೊಡ್ತೀನಿ ಅಂತ ಹೇಳಿ. ಅಪ್ಪ ಅದನ್ನ ಮುಟ್ಟೋದೂ ಇಲ್ಲ ಅಂತಾರೆ.”

ಮುಟ್ಟಿದ್ದರು. ಒಂದು ಸಲ ತುಳಿದರು, ಅದು ಎರಡು ಸಲ ಗುದ್ದಿತು, ಅಲ್ಲಿಗೆ ಸಂಬಂಧ ಮುರಿದುಬಿತ್ತು. ಮಗಳು ಹೇಳಿದಳು, ಅಪ್ಪ, ಸ್ಪ್ರಿಂಗ್ ಸಡಿಲ ಮಾಡಿಕೊಡುತ್ತೇನೆ, ನಿನ್ನ ಕಾಲಿಗೆ ತಕ್ಕ ಹಾಗೆ ಬರುತ್ತದೆ ಎಂದು. ಅಪ್ಪ ಹೇಳಿದರು, ನನ್ನ ಕಾಲನ್ನು ಸಡಿಲ ಮಾಡುವ ತಿರುಪೂ ಇದೆಯೋ ಎಂದು. ಹಾಗೆ ಹೀಗೆ ಮಾತು ಬೆಳೆದು, ಊಟದ ಹೊತ್ತಿಗೆ ಮನೆ ಎರಡು ಪಕ್ಷವಾಯಿತು. ಒಂದು ತೊಗಲು ಪಕ್ಷ, ಇನ್ನೊಂದು ಚೈನು ಪಕ್ಷ. ಅನ್ನ ಬಡಿಸುವವಳು ನಾನೊಬ್ಬಳೇ ಯಾವ ಪಕ್ಷಕ್ಕೂ ಸೇರದವಳು.

ಆಗಲೇ ನನಗೆ ಆ ದೊಡ್ಡ ಯೋಚನೆ ಬಂದದ್ದು. ಇವರಿಬ್ಬರ ಜಗಳಕ್ಕೆ ನ್ಯಾಯ ಹೇಳಲು ನನಗಿಂತ ಯಾರು ಬೇಕು? ನಾನು ಹೆಚ್ಚು ಓದಿದವಳಲ್ಲ, ನಿಜ. ಆದರೆ ಕಿವಿ ಇದೆ. ಹಾಲು ಉಕ್ಕುವ ಮುಂಚೆ ಪಕ್ಕದ ಕೋಣೆಯಿಂದಲೇ ಗೊತ್ತಾಗುತ್ತದೆ. ಮೆಟ್ಟಿಲು ಹತ್ತುವ ಸದ್ದು ಕೇಳಿ ಬಂದವರಾರು, ಅವರ ಕೈಯಲ್ಲಿ ಚೀಲ ಇದೆಯೋ ಇಲ್ಲವೋ ಹೇಳಬಲ್ಲೆ. ಮಗಳು ಬಾಗಿಲು ಹಾಕುವ ರೀತಿಯಲ್ಲೇ ಅಂಗಡಿಯಲ್ಲಿ ಆ ದಿನ ಏನಾಯಿತೆಂದು ತಿಳಿದುಕೊಂಡವಳು ನಾನು. ಅಂಥ ಕಿವಿ ಮನೆಯಲ್ಲಿ ಇಟ್ಟುಕೊಂಡು ಇವರು ಜಗಳಾಡುತ್ತ ಕೂತಿದ್ದಾರಲ್ಲ!

“ಇಬ್ರೂ ಸುಮ್ಮನಿರಿ,” ಎಂದೆ, ಸಾರಿನ ಸೌಟನ್ನು ನ್ಯಾಯದಂಡದಂತೆ ಹಿಡಿದುಕೊಂಡು. “ನಾನು ಬೆನ್ನು ತಿರುಗಿಸಿ ಕೂತ್ಕೋತೀನಿ. ಒಂದಾದ ಮೇಲೆ ಒಂದು ನುಡಿಸಿ. ಯಾವುದು ಯಾವುದು ಅಂತ ಹೇಳ್ಬೇಡಿ. ಯಾವುದು ಚೆನ್ನಾಗಿದೆ ಅಂತ ನಾನು ಹೇಳ್ತೀನಿ. ನಾನು ಹೇಳಿದ ಮೇಲೆ ಮುಗೀತು. ಮತ್ತೆ ಯಾರೂ ಕಮಕ್ ಕಿಮಕ್ ಅನ್ನಬಾರದು.”

ಇಬ್ಬರೂ ಒಪ್ಪಿದರು. ಇಬ್ಬರಿಗೂ ನಾನು ತಮ್ಮ ಕಡೆ ಎಂಬ ನಂಬಿಕೆ. ಮನೆಯ ಹೆಂಗಸಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಇಲ್ಲ.

ಮೊದಲ ಪರೀಕ್ಷೆ ಶುಕ್ರವಾರ ಬೆಳಿಗ್ಗೆ ನಡೆಯಿತು. ನಾನು ಅಡುಗೆಮನೆಯ ಹೊಸ್ತಿಲಲ್ಲಿ ಬೆನ್ನು ತಿರುಗಿಸಿ ಕೂತು ಬಟಾಣಿ ಸುಲಿಯುತ್ತಿದ್ದೆ. ಮಗಳು ಪೆಡಲ್ ಸಿಕ್ಕಿಸಿದಳು. ನಮ್ಮವರು ಹೋಟೆಲಿಗೆ ಹಾಕಿಕೊಂಡು ಹೋಗುವ ಕಪ್ಪು ಬೂಟು ಹಾಕಿಕೊಂಡರು. ಮನೆಯಲ್ಲಿ ನುಡಿಸಿದರೂ ಅವರಿಗೆ ಅದೇ ಬೂಟು ಬೇಕು. ನಯವಾದ ತೊಗಲಿನ ಅಟ್ಟೆ, ಬೇರೆ ಚಪ್ಪಲಿ ಹಾಕಿದರೆ ಕಾಲಿಗೆ ಗುರುತು ಸಿಗುವುದಿಲ್ಲವಂತೆ. ಸರಿ, ಶುರುವಾಯಿತು.

ಕೀಂಯ್ ಢಂ.

“ಇದು ಹಳೇದು,” ಎಂದೆ.

“ಅದು ಯಾರಿಗಾದ್ರೂ ಗೊತ್ತಾಗತ್ತಮ್ಮ,” ಎಂದಳು ಮಗಳು. “ಕೆಳಗಡೆ ರಸ್ತೇಲಿ ಹೋಗೋರಿಗೂ ಗೊತ್ತಾಗತ್ತೆ.”

ಪರೀಕ್ಷೆ ರದ್ದಾಯಿತು. ಮಗಳು ಹಳೆಯದಕ್ಕೆ ಎಣ್ಣೆ ಬಿಡೋಣ ಎಂದಳು. ನಮ್ಮವರು ಎರಡೂ ಕೈ ಎತ್ತಿ ತಡೆದರು. ಎಣ್ಣೆ ಬಿಟ್ಟರೆ ಅದರ ಗುಣ ಬದಲಾಗಿಬಿಡುತ್ತದಂತೆ. ಇಷ್ಟು ವರ್ಷ ಒಂದು ತೊಟ್ಟು ಮುಟ್ಟಿಸಿಲ್ಲವಂತೆ. ಅದನ್ನು ಹೆಮ್ಮೆಯಿಂದ ಹೇಳಿದರು, ಮಗುವಿಗೆ ಇದುವರೆಗೂ ಔಷಧಿಯನ್ನೇ ಕೊಟ್ಟಿಲ್ಲ ಎಂದು ತಾಯಂದಿರು ಹೇಳುವ ಹಾಗೆ.

ಮಧ್ಯಾಹ್ನ ಮಗಳು ಅಂಗಡಿಗೆ ಹೋದಳು. ನಮ್ಮವರು ಊಟ ಮಾಡಿ ಮಲಗಿದರು. ಕೋಣೆಯಲ್ಲಿ ಉಳಿದದ್ದು ನಾನು, ಎರಡು ಪೆಡಲ್, ಮತ್ತು ನನ್ನ ಹೊಲಿಗೆ ಯಂತ್ರದ ಪಕ್ಕದಲ್ಲಿ ಮೂತಿ ಚೂಪು ಮಾಡಿಕೊಂಡು ನಿಂತಿದ್ದ ಎಣ್ಣೆ ಡಬ್ಬಿ. ನಾನೇನು ಎಣ್ಣೆ ಬಿಡಬೇಕೆಂದು ಹೋದವಳಲ್ಲ. ಸುಮ್ಮನೆ ನೋಡೋಣವೆಂದು ಹತ್ತಿರ ಹೋದೆ. ಬೆರಳಲ್ಲಿ ಒತ್ತಿದೆ. ಕೀಂಯ್ ಎಂದಿತು. ಎಷ್ಟು ದೀನವಾಗಿ ಅಂದರೆ, ಬಾಯಾರಿದವರು ಕೇಳಿದ ಹಾಗಿತ್ತು. ಹೆಣ್ಣು ಕರುಳು, ತಡೆಯಲಿಲ್ಲ.

ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುವುದರಲ್ಲಿ ನನ್ನದು ಪಳಗಿದ ಕೈ. ತೂತು ಕಂಡಲ್ಲಿ, ಕೀಲು ಕಂಡಲ್ಲಿ, ಉಜ್ಜಾಡುವ ಜಾಗ ಕಂಡಲ್ಲಿ ಧಾರಾಳವಾಗಿ ಬಿಡಬೇಕು. ಆಮೇಲೆ ಚಿಂದಿ ಬಟ್ಟೆ ಇಟ್ಟು ಖಾಲಿ ಹೊಲಿಗೆ ಓಡಿಸಬೇಕು. ಹೆಚ್ಚಾದ ಎಣ್ಣೆ ಸೂಜಿಯ ದಾರಿ ಹಿಡಿದು ಬಂದು ಚಿಂದಿಗೆ ಹತ್ತುತ್ತದೆ, ಯಂತ್ರ ಚೊಕ್ಕಟ. ಪೆಡಲಿಗೂ ಅದೇ ಪದ್ಧತಿ ಹಿಡಿದೆ. ಕೀಲಿಗೆ ಬಿಟ್ಟೆ, ಸ್ಪ್ರಿಂಗಿನ ಕೊಕ್ಕೆಗೆ ಬಿಟ್ಟೆ, ತುಳಿಯುವ ಹಲಗೆಯ ಮೇಲೆ ಕೆಳಗೆ ಕಂಡ ತೂತುಗಳಿಗೆಲ್ಲ ಬಿಟ್ಟೆ. ಕೈಯಿಂದ ಒತ್ತಿ ಒತ್ತಿ ಓಡಿಸಿದೆ. ಚಿಂದಿ ಇಡೋಣವೆಂದರೆ ಇದಕ್ಕೆ ಸೂಜಿಯೇ ಇಲ್ಲ! ಹಾಗಾದರೆ ಹೆಚ್ಚಾಗಿದ್ದೇನೂ ಇಲ್ಲ, ಎಲ್ಲವನ್ನೂ ಕುಡಿದುಕೊಂಡಿದೆ ಎಂದು ಸಮಾಧಾನಪಟ್ಟೆ.

ಆಮೇಲೆ ಹೊಸ ಪೆಡಲಿನ ಮೇಲೆ ಕಣ್ಣು ಬಿತ್ತು. ನ್ಯಾಯ ಹೇಳುವವಳು ಒಂದಕ್ಕೆ ಉಪಚಾರ ಮಾಡಿ ಇನ್ನೊಂದನ್ನು ಒಣಗಲು ಬಿಡುವುದೇ? ಅದಕ್ಕೂ ಬಿಟ್ಟೆ. ಚೈನು ಎರಡಿದ್ದವು, ಹಾಗಾಗಿ ಸ್ವಲ್ಪ ಹೆಚ್ಚೇ ಹಿಡಿಯಿತು.

ಅದೇ ಸಂಜೆ ಎರಡನೇ ಪರೀಕ್ಷೆ. ಹೊಸದು ಎರಡೆರಡು ಸಲ ಗುದ್ದದಂತೆ ಮಗಳು ಅದರ ಸ್ಪ್ರಿಂಗನ್ನು ಸಡಿಲ ಮಾಡಿಟ್ಟಿದ್ದಳು. ಹಳೆಯದನ್ನು ಕೈಯಲ್ಲಿ ಒತ್ತಿ ನೋಡಿದವಳೇ ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದಳು. ನಾನು ಬಾಗಿಲ ಚಿಲಕ ನೋಡಿದೆ. ನಮ್ಮವರಿಗೆ ಕೀಂಯ್ ಕೇಳಿಸದೆ ಒಂದು ಕ್ಷಣ ಅನುಮಾನವಾಯಿತು. ಆದರೆ ಹವೆ ಬದಲಾಗಿದೆ, ಅದಕ್ಕೇ ಇರಬೇಕು ಎಂದು ಅವರೇ ಕಾರಣವನ್ನೂ ಹುಡುಕಿಕೊಂಡರು. ನಾನು ಬೆನ್ನು ತಿರುಗಿಸಿ ಕೂತೆ.

ಮೊದಲನೆಯದು ಬಂತು, ಢಂ ಢಂ. ಎರಡನೆಯದು ಬಂತು, ಢಂ ಢಂ. ಈಗ ನಿಮ್ಮ ಹತ್ತಿರ ಮುಚ್ಚಿಡುವುದೇನು, ನನಗೆ ಎರಡೂ ಒಂದೇ ಥರ ಕೇಳಿಸಿದವು. ಆದರೆ ನ್ಯಾಯಪೀಠದಲ್ಲಿ ಕೂತ ಮೇಲೆ ಗೊತ್ತಾಗಲಿಲ್ಲ ಎನ್ನಲಾಗುತ್ತದೆಯೇ? ಗಂಟಲು ಸರಿಮಾಡಿಕೊಂಡು ಹೇಳಿದೆ: “ಮೊದಲನೇದು ಹೊಸದು. ಬರೀ ಬಾಯಿಮಾತು, ಎದೆಯಿಂದ ಬಂದಿಲ್ಲ. ಎರಡನೇದು ನಮ್ಮ ಹಳೇದು. ತುಂಬಿದ ಹಂಡೆಯನ್ನ ಕೆಳಗಿಟ್ಟ ಹಾಗಿದೆ. ಎಷ್ಟು ಘನ, ಎಷ್ಟು ಗಂಭೀರ. ಹಳೇದೇ ಗೆದ್ದಿತು.”

ಹಿಂದುಗಡೆಯಿಂದ ಚಪ್ಪಾಳೆ ಬರಲಿಲ್ಲ. ತಿರುಗಿ ನೋಡಿದರೆ, ಡ್ರಮ್ಮಿಗೆ ಸಿಕ್ಕಿಸಿದ್ದದ್ದು ಹೊಸ ಪೆಡಲ್. ಬಾಯಿಮಾತಿನದು ಎಂದು ನಾನು ತಳ್ಳಿಹಾಕಿದ್ದು ಅವರ ಹಳೆಯದನ್ನು.

ಮಗಳು ತುಟಿ ಕಚ್ಚಿ ನಗು ನುಂಗಿದಳು. ನಾನೂ ನಕ್ಕುಬಿಡೋಣವೆಂದುಕೊಂಡೆ. ಆದರೆ ನಮ್ಮವರ ಮುಖ ನೋಡಿದ ಮೇಲೆ ಇಬ್ಬರಿಗೂ ನಗು ಉಳಿಯಲಿಲ್ಲ. ಅವರಿಗೆ ನನ್ನ ತೀರ್ಪಿನ ಮೇಲೆ ಗಮನವೇ ಇರಲಿಲ್ಲ. ತಮ್ಮ ಬಲಗಾಲನ್ನೇ ನೋಡುತ್ತ ಕೂತಿದ್ದರು.

“ಇನ್ನೊಂದು ಸಲ,” ಎಂದರು. ನುಡಿಸಿದರು. ಢಂ ಬರಬೇಕಾದ ಜಾಗದಲ್ಲಿ ಒಮ್ಮೆ ತಡವಾಗಿ ಬಂತು, ಒಮ್ಮೆ ಬರಲೇ ಇಲ್ಲ. ಹಳೆಯದನ್ನು ಸಿಕ್ಕಿಸಿಕೊಂಡರು. ಅದರಲ್ಲೂ ಹಾಗೇ. ಹೊಸದರಲ್ಲೂ ಹಾಗೇ. ಕೋಲುಗಳನ್ನು ತೊಡೆಯ ಮೇಲಿಟ್ಟುಕೊಂಡರು.

“ಪೆಡಲ್‌ದೇನೂ ತಪ್ಪಿಲ್ಲ ಕಣೇ,” ಎಂದರು. “ಎರಡರಲ್ಲೂ ಒಂದೇ ಥರ ಜಾರ್ಕೊಂಡು ಹೋಗತ್ತೆ ಅಂದ್ರೆ ಕಾಲೇ ಹೋಯ್ತು ಅಂತ ಅರ್ಥ. ನಾನು ಹೇಳೋದನ್ನ ಅದು ಕೇಳ್ತಿಲ್ಲ.”

ಮಂಡಿಯ ಮೇಲೆ ಅವರಿಗೆ ಮೊದಲಿಂದಲೂ ಅನುಮಾನ. ಮೆಟ್ಟಿಲಲ್ಲಿ ನಿಂತು ನಿಂತು ಹತ್ತುವುದನ್ನು ಯಾರಿಗೂ ಕಾಣದಂತೆ ಮುಚ್ಚಿಟ್ಟಿದ್ದರು. ನನಗೆ ಕೇಳಿಸುತ್ತಿತ್ತು, ನಾನೂ ಹೇಳಿರಲಿಲ್ಲ. ಈಗ ಸದ್ದಿಲ್ಲದೆ ಕೋಲುಗಳನ್ನು ಚೀಲಕ್ಕೆ ಹಾಕಿ, ಮಗಳನ್ನು ಕರೆದು, ನಾಳೆ ತುತ್ತೂರಿ ಬಂದಾಗ ನೀನೇ ನುಡಿಸು ಎಂದರು. ಅವಳು ಆಗುವುದಿಲ್ಲ ಎಂದಳು. ಮೊದಲು ನೀನು ನುಡಿಸು, ಆಮೇಲೆ ನೋಡೋಣ ಎಂದು ಹಟ ಹಿಡಿದಳು. ಅವಳ ಕಣ್ಣಲ್ಲಿ ನೀರು ನಿಂತಿತ್ತು. ಅಪ್ಪನ ಸ್ಟೂಲನ್ನು ಉಳಿಸಲು ಪೆಡಲ್ ತಂದರೆ ಅದೇ ಪೆಡಲ್ ಅಪ್ಪನನ್ನು ಎಬ್ಬಿಸುತ್ತಿದೆಯಲ್ಲ ಎಂದು ಅವಳಿಗೆ.

ನಾನು ಹೊಲಿಗೆ ಯಂತ್ರದ ಮುಂದೆ ಹೋಗಿ ಕೂತೆ. ಆದರೆ ಕಿವಿ ಕೆಲಸ ಬಿಟ್ಟಿರಲಿಲ್ಲ. ನಮ್ಮವರು ಕಿಟಕಿಯ ಹತ್ತಿರ ಹೋಗಿ ನಿಂತು, ಬರಿಗಾಲಲ್ಲಿ, ತಮಗೇ ಗೊತ್ತಿಲ್ಲದ ಹಾಗೆ ನೆಲ ತಟ್ಟುತ್ತಿದ್ದರು. ನಾನು ಕೇಳಿದೆ. ಒಂದು ತಟ್ಟೂ ತಪ್ಪಲಿಲ್ಲ! ನೆಲದ ಮೇಲೆ ಸರಿಯಿರುವ ಕಾಲು ಪೆಡಲಿನ ಮೇಲೆ ಯಾಕೆ ತಪ್ಪುತ್ತದೆ? ಪರದೆಯ ಅಂಚು ಹೊಲಿಯುತ್ತಲೇ ಯೋಚಿಸಿದೆ. ಯೋಚಿಸಿ ಯೋಚಿಸಿ, ದೊಡ್ಡ ದೊಡ್ಡ ಪಂಡಿತರಿಗೂ ಹೊಳೆಯದ ಸತ್ಯ ನನಗೆ ಹೊಳೆಯಿತು.

ಕೀಂಯ್!

ಇಷ್ಟು ವರ್ಷವೂ ಢಂ ಎನ್ನುವ ಮುಂಚೆ ಕೀಂಯ್ ಬರುತ್ತಿತ್ತು. ನಡೆಯುವವರಿಗೆ ಕೋಲು ಇದ್ದ ಹಾಗೆ ಅವರ ತಾಳಕ್ಕೆ ಆ ಕೀಂಯ್ ಆಸರೆ. ನಾನು ಎಣ್ಣೆ ಬಿಟ್ಟು ಆ ಆಸರೆಯನ್ನು ಕಿತ್ತುಕೊಂಡೆ. ಕೋಲು ಕಿತ್ತುಕೊಂಡರೆ ಮನುಷ್ಯ ಎಡವದೆ ಏನು ಮಾಡುತ್ತಾನೆ? ನನ್ನ ಬುದ್ಧಿಗೆ ನಾನೇ ಬೆರಗಾದೆ. ಮಗಳನ್ನು ಒಳಗೆ ಕರೆದು ಹೇಳಿದೆ. ಎಣ್ಣೆಯ ವಿಷಯವನ್ನೂ ಒಪ್ಪಿಕೊಂಡೆ. ಅದಂತೂ ಗೊತ್ತೇ ಇತ್ತು ಎಂದಳು. ಕೀಂಯ್ ವಿಷಯಕ್ಕೆ ಬಹಳ ಹೊತ್ತು ನನ್ನ ಮುಖ ನೋಡಿದಳು.

“ಸರಿ, ಈಗ ಕೀಂಯ್ ಎಲ್ಲಿಂದ ತರ್ತೀಯ?”

ತರುವುದೇನು, ಮನೆಯಲ್ಲೇ ಇತ್ತು. ನಾನು ಹೊಲಿಯಲು ಕೂರುವ ಮರದ ಕುರ್ಚಿ. ಒಂದು ಮಗ್ಗುಲಿಗೆ ವಾಲಿದರೆ ಕೀಂಯ್ ಎನ್ನುತ್ತದೆ. ಪೆಡಲಿನ ಜೊತೆ ಒಡಹುಟ್ಟಿದ ಹಾಗೆ. ಅದನ್ನು ಅಡುಗೆಮನೆಯ ಬಾಗಿಲ ಮರೆಗೆ ಹಾಕಿಕೊಂಡು ಕೂರುತ್ತೇನೆ. ಅವರು ನುಡಿಸುವಾಗ ಪ್ರತಿ ಢಂಗೂ ಮುಂಚೆ ನಾನು ವಾಲುತ್ತೇನೆ. ತುತ್ತೂರಿ ಕೇಳಿದರೆ ಒಳಗೆ ಹೆಂಗಸರ ಕೆಲಸದ ಸದ್ದು ಎಂದುಕೊಳ್ಳುತ್ತಾರೆ, ನಮ್ಮವರ ಕಿವಿಗೆ ಮಾತ್ರ ಅದು ದಾರಿ ತೋರಿಸುತ್ತದೆ.

“ಮತ್ತೆ ಭಾನುವಾರ? ಮೈಕಿನ ಮುಂದೆ ಕುರ್ಚಿ ಹೊತ್ಕೊಂಡು ಹೋಗ್ತೀಯಾ?”

ಭಾನುವಾರದ ಮಾತು ಭಾನುವಾರ ಎಂದೆ. ಯಾವ ದೊಡ್ಡ ಕೆಲಸವೂ ಎಲ್ಲವನ್ನೂ ಮುಂಚೆಯೇ ಯೋಚಿಸಿ ಆಗಿದ್ದಿಲ್ಲ.

ಶನಿವಾರ ಸಂಜೆ ತುತ್ತೂರಿ ಬಂದರು. “ಅತ್ತಿಗೆ, ಚೆನ್ನಾಗಿದ್ದೀರಾ?” ಎಂದು ಕೇಳಿ, ಉತ್ತರ ಕೇಳಿಸಿಕೊಳ್ಳದೆ, ಬೆರಳು ಹೊಸೆಯುತ್ತ ಕೂತರು. ಪಾಪ, ಅವರಿಗೂ ಇದು ಇಷ್ಟದ ಕೆಲಸವಲ್ಲ. ನಮ್ಮವರು ಬೂಟು ಹಾಕಿಕೊಂಡರು. ಮುಖ ಕ್ಷೌರ ಮಾಡಿಕೊಂಡು ಹೋಟೆಲಿಗೆ ಹಾಕಿಕೊಳ್ಳುವ ಬಿಳಿ ಅಂಗಿಯನ್ನೇ ಹಾಕಿದ್ದರು. ಬೀಳ್ಕೊಡುಗೆಗೆ ಹೊರಟವರ ಹಾಗೆ. ಮೊದಲು ಹಳೆಯದರಲ್ಲೇ ನುಡಿಸುತ್ತೇನೆ ಎಂದರು.

ನಾನು ಬಾಗಿಲ ಮರೆಗೆ ಹೋಗಿ ಕುರ್ಚಿಯಲ್ಲಿ ಕೂತೆ.

ಶುರು ಮಾಡಿದರು. ನಾನು ವಾಲಿದೆ, ಕೀಂಯ್. ಅವರು ಢಂ. ವಾಲಿದೆ, ಕೀಂಯ್. ಢಂ. ಆಹಾ, ಸಾಗಿತು ಎನ್ನುವಷ್ಟರಲ್ಲಿ ಒಂದು ಢಂ ತಡವಾಯಿತು. ನನ್ನ ಕೀಂಯ್ ಸಾಲಲಿಲ್ಲವೇನೋ ಎಂದು ಜೋರಾಗಿ ವಾಲಿದೆ. ಇನ್ನೊಂದು ಢಂ ಬರಲೇ ಇಲ್ಲ. ಇನ್ನೂ ಜೋರಾಗಿ ವಾಲಿದೆ. ತುತ್ತೂರಿ ಬಾಗಿಲ ಕಡೆ ಕತ್ತು ತಿರುಗಿಸಿದ್ದು ಸಂದಿಯಲ್ಲಿ ಕಂಡಿತು. ಕಾಣಲಿ, ಈಗ ಬಿಡಬಾರದು, ಗಂಡನ ಸ್ಟೂಲು ನನ್ನ ಸೊಂಟದ ಮೇಲೆ ನಿಂತಿದೆ. ಅಂತಃಶಕ್ತಿಯನ್ನೆಲ್ಲ ಒಟ್ಟುಮಾಡಿ ಎಡಕ್ಕೆ ಬಾಗಿದೆ.

ಕುರ್ಚಿಯ ಕಾಲು ಲಟ್ ಎಂದಿತು. ನಾನು ಪಾತ್ರೆಗಳ ಗೂಡಿನ ಮೇಲೆ ಒರಗಿದೆ. ಗೂಡಿನಲ್ಲಿದ್ದ ತಟ್ಟೆ ಲೋಟಗಳೆಲ್ಲ ನನ್ನ ಮೇಲೆ ಹೂಮಳೆ ಸುರಿಸಿದವು. ಒಂದು ಮುಚ್ಚಳ ನೆಲದ ಮೇಲೆ ತಿರುಗಿ ತಿರುಗಿ ತಿರುಗಿ, ಇಡೀ ಮನೆಯ ಜೀವ ಹಿಡಿದುಕೊಂಡು, ಕೊನೆಗೆ ಮಲಗಿತು.

“ಏನಾಯ್ತೇ?” ಎಂದು ನಮ್ಮವರು ಸ್ಟೂಲು ಬಿಟ್ಟು ಓಡಿ ಬಂದರು. ಕಾಲೇ ಹೋಯಿತೆಂದ ಮನುಷ್ಯ ಹೇಗೆ ಓಡಿದರು ಎನ್ನುತ್ತೀರಿ! ಹೊಸ್ತಿಲು ದಾಟಿ ನುಣ್ಣನೆಯ ನೆಲಕ್ಕೆ ಬಲಗಾಲು ಇಟ್ಟದ್ದೇ ತಡ, ಅದು ಅವರಿಗಿಂತ ಮುಂದೆ ಹೋಯಿತು. ಸರ್ರನೆ ಜಾರಿ ಬಂದು, ಬಾಗಿಲ ಚೌಕಟ್ಟು ಹಿಡಿದುಕೊಂಡು ಮೆಲ್ಲಗೆ ಇಳಿದು, ನನ್ನ ಪಕ್ಕದಲ್ಲೇ ಕೂತರು. ಮದುವೆಯ ಫೋಟೋದಲ್ಲಿ ಕೂತ ಹಾಗೆ, ಇಬ್ಬರೂ ಗೋಡೆಗೆ ಒರಗಿ, ಮಡಿಲಲ್ಲಿ ಒಂದೊಂದು ತಟ್ಟೆ.

“ಪೆಟ್ಟಾಯ್ತಾ?” ಎಂದರು.

“ಇಲ್ಲ. ನಿಮಗೆ?”

“ಇಲ್ಲ. ನೀನ್ಯಾಕೆ ಕುರ್ಚಿ ಮೇಲೆ ಕುಣೀತಿದ್ದೆ?”

ನಾನು ಉತ್ತರ ಹುಡುಕುವಷ್ಟರಲ್ಲಿ ಮಗಳು ಓಡಿ ಬಂದು ಅಪ್ಪನ ಕಾಲು ಮುರಿದಿದೆಯೋ ಏನೋ ಎಂದು ಎತ್ತಿ ನೋಡಿದಳು. ಹಾಗೇ ಹಿಡಿದುಕೊಂಡಳು. ಬೂಟಿನ ಅಟ್ಟೆ ಕನ್ನಡಿಯಂತೆ ಮಿನುಗುತ್ತಿತ್ತು. ಬೆರಳಿಂದ ಒರೆಸಿದಳು, ಮೂಗಿಗೆ ಹಿಡಿದಳು. ಆಮೇಲೆ ಎದ್ದು ಹೋಗಿ ಹಳೇ ಪೆಡಲಿನ ತುಳಿಯುವ ಹಲಗೆಯನ್ನು ಮುಟ್ಟಿದಳು, ಹೊಸದರದ್ದನ್ನೂ ಮುಟ್ಟಿದಳು. ವಾಪಸು ಬಂದು ಬೆರಳನ್ನು ನನ್ನ ಮುಖದ ಮುಂದೆ ಹಿಡಿದಳು.

“ಅಮ್ಮ, ಎಣ್ಣೆ ಬಿಟ್ಟ ಮೇಲೆ ಒರೆಸಿದ್ಯಾ?”

ಹೊಲಿಗೆ ಯಂತ್ರದ ಎಣ್ಣೆಯ ವಾಸನೆ. ನನಗೆ ಅದನ್ನು ಪರಿಚಯ ಮಾಡಿಕೊಡಬೇಕೇ? ಕೀಲಿಗೆ ಬಿಟ್ಟದ್ದು, ತೂತಿಗೆ ಬಿಟ್ಟದ್ದು, ಕುಡಿದುಕೊಂಡಿತೆಂದು ನಾನು ತಿಳಿದದ್ದು, ಎಲ್ಲವೂ ಸೂಜಿಯ ದಾರಿ ಸಿಗದೆ ಹಲಗೆಯ ಮೇಲೆ ತೆಳ್ಳಗೆ ಹರಡಿಕೊಂಡು ಕೂತಿತ್ತು. ಎರಡರ ಮೇಲೂ. ನ್ಯಾಯ ಅಂದರೆ ನ್ಯಾಯ. ನಮ್ಮವರು ನಯವಾದ ಬೂಟಿನಲ್ಲಿ ತುಳಿದಾಗಲೆಲ್ಲ ಕಾಲು ಜಾರಿ ಢಂ ತಪ್ಪಿತ್ತು. ಅವರ ಕಾಲಿಗೆ ಏನೂ ಆಗಿರಲಿಲ್ಲ. ತಾಳಕ್ಕೆ ಕೀಂಯ್ ಆಸರೆಯೂ ಆಗಿರಲಿಲ್ಲ. ಆ ಸತ್ಯ ಪಂಡಿತರಿಗೆ ಯಾಕೆ ಹೊಳೆದಿರಲಿಲ್ಲ ಎಂದರೆ, ಅದು ಸತ್ಯವೇ ಆಗಿರಲಿಲ್ಲ.

ನಾನು ಬಾಯಿಬಿಟ್ಟು ಎಲ್ಲವನ್ನೂ ಹೇಳಿದೆ. ಎಣ್ಣೆ, ಕೀಂಯ್, ಕುರ್ಚಿ, ಒಂದನ್ನೂ ಬಿಡಲಿಲ್ಲ. ಹೇಳುವಾಗ ನಮ್ಮವರ ಮುಖ ನೋಡುವ ಧೈರ್ಯವಾಗಲಿಲ್ಲ. ತಮ್ಮ ಕಾಲು ಹೋಯಿತೆಂದು ಒಂದು ದಿನವಿಡೀ ಮನುಷ್ಯ ಒಳಗೊಳಗೇ ಕೊರಗಿದ್ದರಲ್ಲ, ಅದಕ್ಕೆ ನನ್ನ ಎಣ್ಣೆ ಡಬ್ಬಿ ಕಾರಣ. ಬೈಯಲಿ ಎಂದುಕೊಂಡೆ. ಅವರು ಬೈಯಲಿಲ್ಲ. ತಮ್ಮ ಬಲ ಮಂಡಿಯ ಮೇಲೆ ಕೈಯಿಟ್ಟು, ಬೇರೆ ಊರಿಗೆ ಹೋದವನು ಮನೆಗೆ ಬಂದಾಗ ಬೆನ್ನು ಸವರುವ ಹಾಗೆ, ಮೆಲ್ಲಗೆ ಸವರಿದರು.

“ಕಾಲು ಸರಿಯಾಗಿದೆಯಾ ಹಾಗಾದ್ರೆ?” ಎಂದು ಮಗಳನ್ನು ಕೇಳಿದರು, ಇನ್ನೊಂದು ಸಲ ಕೇಳಿಸಿಕೊಳ್ಳಬೇಕೆಂದು.

“ಸರಿಯಾಗಿದೆ ಅಪ್ಪ. ಜಾರ್ತಿತ್ತು ಅಷ್ಟೇ.”

ಸೋಪಿನ ನೀರು ತಂದು ಬೂಟಿನ ಅಟ್ಟೆ ಉಜ್ಜಿದೆ. ಮಗಳು ಪೆಡಲುಗಳನ್ನು ಒರೆಸಿದಳು. ನಮ್ಮವರು ಒಂದು ಹಾಡು ಹಳೆಯದರಲ್ಲಿ, ಅದೇ ಹಾಡು ಹೊಸದರಲ್ಲಿ ನುಡಿಸಿದರು. ಹೊಸದರ ಸ್ಪ್ರಿಂಗನ್ನು ಮಗಳು ಮೊದಲೇ ಸಡಿಲ ಮಾಡಿದ್ದಳಲ್ಲ. ಅದು ಒಮ್ಮೆ ತುಳಿದರೆ ಒಮ್ಮೆಯೇ ಗುದ್ದಿತು, ಕಾರ್ಖಾನೆಯವನು ನಡುವೆ ಬಾಯಿ ಹಾಕಲಿಲ್ಲ. ಈ ಸಲ ಬೆನ್ನು ತಿರುಗಿಸಿ ಕೂತವರು ತುತ್ತೂರಿ. ಕಣ್ಣು ಮುಚ್ಚಿ, ತಲೆ ತೂಗುತ್ತ ಕೇಳಿದರು. ಕೋಣೆಯಲ್ಲಿ ಒಂದು ಕೀಂಯ್ ಇಲ್ಲ. ಮಗಳು ನನ್ನ ಕೈ ಹಿಡಿದುಕೊಂಡಿದ್ದಳು.

ಮುಗಿದ ಮೇಲೆ ತುತ್ತೂರಿ ಕಣ್ಣು ತೆರೆದರು. ಯಾವುದು ಹೊಸದು, ಯಾವುದು ಹಳೇದು ಹೇಳಿ ಎಂದು ಮಗಳು ಕೇಳಿದಳು.

“ನನಗೆ ಗೊತ್ತಾಗ್ಲಿಲ್ಲಮ್ಮ,” ಎಂದರು. ಎಷ್ಟು ಸುಲಭವಾಗಿ ಹೇಳಿಬಿಟ್ಟರು! ನನಗೆ ಆ ಮಾತು ಬಾಯಿಗೆ ಬಂದಿರಲಿಲ್ಲವಲ್ಲ. ಆಮೇಲೆ ನಮ್ಮವರ ಕಡೆ ತಿರುಗಿದರು. “ಅಣ್ಣ, ಯಾವುದಾದ್ರೂ ತಗೊಂಡ್ಬನ್ನಿ. ಕಾಲು ಮಾತ್ರ ನಿಮ್ಮದೇ ಇರಲಿ.”

ನಮ್ಮವರು ಬೂಟಿನ ದಾರ ಬಿಚ್ಚುವುದಕ್ಕೆ ಬಗ್ಗಿದವರು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಬಗ್ಗಿಯೇ ಇದ್ದರು. ಮಗಳು ಹೊರಗಿನ ಬಾಗಿಲವರೆಗೆ ತುತ್ತೂರಿಯನ್ನು ಕಳಿಸಲು ಹೋದಾಗ, ಹೊಸ ಪೆಡಲನ್ನು ಚೀಲಕ್ಕೆ ಹಾಕಿಕೊಂಡರು. ನಾನು ನೋಡುತ್ತಿಲ್ಲ ಎಂದುಕೊಂಡು ಹಳೆಯದನ್ನೂ ಹಾಕಿಕೊಂಡರು. ಚೀಲದ ಜಿಪ್ಪು ಮುಚ್ಚಲಿಲ್ಲ. ಬಲವಂತ ಮಾಡಿದರು, ಮುಚ್ಚಿತು.

ಊಟವಾದ ಮೇಲೆ ನಾನು ಪಾತ್ರೆ ತೊಳೆಯುತ್ತಿದ್ದೆ. ಅವರು ಬಟ್ಟೆ ಹಿಡಿದುಕೊಂಡು ಪಕ್ಕಕ್ಕೆ ಬಂದು ನಿಂತರು. ಒಂದು ತಟ್ಟೆ ಒರೆಸಿದರು, ಇನ್ನೊಂದು ಒರೆಸಿದರು. ನನಗೂ ಸ್ವಲ್ಪ ಧೈರ್ಯ ಬಂತು. ಏನೇ ಆಗಲಿ, ಗಂಡನಿಗಾಗಿ ಕುರ್ಚಿ ಮುರಿದವಳು ನಾನು. ಒಂದು ಒಳ್ಳೆಯ ಮಾತು ಬರಬಹುದೆಂದು ಕಾದೆ.

“ನಿನ್ನ ಹತ್ತಿರ ಒಂದು ಮಾತು ಹೇಳ್ಬೇಕು,” ಎಂದರು.

“ಹೇಳಿ.”

“ಆ ಕುರ್ಚಿಯದು.” ಲೋಟದೊಳಗೆ ಬಟ್ಟೆ ತುರುಕಿ ತಿರುಗಿಸಿದರು. “ನಿನ್ನ ಕೀಂಯ್ ಶುರುವಿನಿಂದ್ಲೇ ತಾಳ ತಪ್ಪಿತ್ತು ಕಣೇ. ಕಾಲು ಜಾರ್ತಿದ್ದದ್ದು ಅರ್ಧ. ಇನ್ನರ್ಧ ನಿನ್ನಿಂದ ಕೆಟ್ಟಿದ್ದು.”

ನಾನು ಬಾಣಲೆಯನ್ನು ಹತ್ತಿರ ಎಳೆದುಕೊಂಡೆ. ತಳ ಹಿಡಿದಿತ್ತು. ನೀರು ಬಿಟ್ಟು, ನಾರು ತಗೊಂಡು, ಅಂಚಿನಿಂದ ಶುರುಮಾಡಿ ಉಜ್ಜತೊಡಗಿದೆ.